ಇಲ್ಲಿ ತಯಾರಾದದ್ದು

ಒಂದು ಕೊಡೆಯ ಲೇಬಲ್ ಬಿಚ್ಚುವುದಕ್ಕೆ ಅಕ್ಕನಿಗೆ ಹತ್ತು ಸೆಕೆಂಡು ಸಾಕಾಗುತ್ತಿತ್ತು. ಬ್ಲೇಡಿನ ಮೂಲೆಯನ್ನು ಹೊಲಿಗೆಯ ಕೆಳಗೆ ತೂರಿಸಿ ನಾಲ್ಕು ಎಳೆ ಕತ್ತರಿಸಿದರೆ ಹಳೆಯ ಲೇಬಲ್ ಕೈಗೆ ಬರುತ್ತದೆ. ಅದನ್ನು ಕಾಲಬುಡದ ಡಬ್ಬಕ್ಕೆ ಎಸೆದು, ಅದೇ ತೂತುಗಳ ಮೇಲೆ 'ಇಲ್ಲಿ ತಯಾರಾದದ್ದು' ಎಂಬ ಹೊಸ ಲೇಬಲ್ ಇಟ್ಟು ಹೊಲಿದರೆ ಮುಗಿಯಿತು. ಹಡಗಿನಿಂದ ಇಳಿಯುವಾಗ ಪೂರ್ವದ ದೊಡ್ಡ ದೇಶದ್ದಾಗಿದ್ದ ಕೊಡೆ ಅರ್ಧ ನಿಮಿಷದಲ್ಲಿ ಈ ದೇಶದ್ದಾಗಿಬಿಡುತ್ತದೆ.

"ಮನುಷ್ಯರಿಗೂ ಹೀಗೊಂದು ಲೇಬಲ್ ಇದ್ದಿದ್ರೆ ನನ್ನ ತಮ್ಮ ಎರಡು ಸಲ ವೀಸಾ ಆಫೀಸಿನ ಬಾಗಿಲಿಂದ ವಾಪಸ್ ಬರ್ತಿರ್ಲಿಲ್ಲ" ಎಂದು ಹಾಜರಿ ಮಾಮ ಆಗಾಗ ಹೇಳುತ್ತಿದ್ದ. ಅವನು ಕಾರ್ಖಾನೆಯ ಗುಮಾಸ್ತ. ಹಾಜರಿ ಪುಸ್ತಕ ಅವನ ಕೈಯಲ್ಲಿದ್ದುದರಿಂದ ಆ ಹೆಸರು ಬಂದಿತ್ತು. ಅವನ ಮಾತಿಗೆ ಶೆಡ್ಡಿನ ಹೆಂಗಸರೆಲ್ಲ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ನಕ್ಕರೆ ಹೊಲಿಗೆ ವಾರೆಯಾದೀತು ಎಂಬ ಭಯ ಅವಳಿಗೆ. ಲೇಬಲ್ಲಿನ ಹೊಲಿಗೆ ವಾರೆಯಾದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ, ಒಂದೊಂದನ್ನೂ ಎರಡೆರಡು ಸಲ ತಿರುಗಿಸಿ ನೋಡಿಯೇ ಪೆಟ್ಟಿಗೆಗೆ ಹಾಕುತ್ತಿದ್ದಳು.

ಅವಳು ಆ ಶೆಡ್ಡಿನ ಮೇಲ್ವಿಚಾರಕಿ. ಕೆಲಸದ ಹೆಂಗಸರು, ಲಾರಿಯವರು, ಕಡೆಗೆ ಮಾಲೀಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದ ಹಾಗೆ ಕರೆಯುವ ಹಕ್ಕಿದ್ದವಳು ಒಬ್ಬಳೇ, ಅವಳ ತಂಗಿ. ಆರು ವರ್ಷದಿಂದ ಆ ಒಬ್ಬಳು ಮಾತ್ರ ಕರೆಯುತ್ತಿರಲಿಲ್ಲ.

ಆರು ವರ್ಷದ ಹಿಂದೆ ಈ ಶೆಡ್ಡಿನಲ್ಲಿ ಕೊಡೆಗಳನ್ನು ನಿಜವಾಗಿಯೇ ಮಾಡುತ್ತಿದ್ದರು. ಕಿಟಕಿಯ ಪಕ್ಕಕ್ಕೆ ಉದ್ದದ ಕಟಿಂಗ್ ಮೇಜು, ಅದರ ಸುತ್ತ ಐದು ಹೆಂಗಸರು, ತಂಗಿಯೂ ಸೇರಿ. ಒಂದು ಕೊಡೆಗೆ ಎಂಟು ಎಸಳು. ಎಸಳಿನ ಅಂಚನ್ನು ನೇರ ಗೆರೆಗೆ ಕತ್ತರಿಸಿದರೆ ಕೊಡೆ ಬಿಚ್ಚಿದಾಗ ಬಟ್ಟೆ ಜೋಲುಬೀಳುತ್ತದೆ. ಅಂಚು ಕೂದಲೆಳೆಯಷ್ಟು ಬಾಗಿರಬೇಕು. ಎಷ್ಟು ಬಾಗಿರಬೇಕು ಎನ್ನುವುದು ಮರದ ಅಚ್ಚಿಗಿಂತ ಕೈಗೇ ಚೆನ್ನಾಗಿ ಗೊತ್ತು. ಕಡ್ಡಿಗಳು ಮಡಚುವ ಕೀಲಿನ ಜಾಗದಲ್ಲಿ ಕಬ್ಬಿಣ ತಿಕ್ಕಿ ಬಟ್ಟೆ ಹರಿಯದಿರಲಿ ಎಂದು ಗುಂಡನೆಯ ಸಣ್ಣ ಬಟ್ಟೆಯ ತುಂಡನ್ನು ಒಳಗಿಂದ ಹೊಲಿಯುತ್ತಿದ್ದರು. ಅದಕ್ಕೆ ಬಿಲ್ಲೆ ಎಂದು ಹೆಸರು. ಒಂದು ಕೊಡೆಗೆ ಎಂಟು ಬಿಲ್ಲೆ. ಕೊಂಡವರಿಗೆ ಅದು ಕಾಣುವುದೂ ಇಲ್ಲ. ಆದರೆ ಬಿಲ್ಲೆ ಇರುವ ಕೊಡೆ ಹತ್ತು ವರ್ಷ ಬರುತ್ತಿತ್ತು, ಇಲ್ಲದ್ದು ಎರಡೇ ವರ್ಷ.

ಆಮೇಲೆ ಜಗತ್ತು ಹತ್ತಿರವಾಯಿತು ಎಂದರು. ಹತ್ತಿರವಾದದ್ದು ಮೊದಲು ಗೊತ್ತಾದದ್ದು ಈ ಮೇಜಿಗೆ. ಮಾಲೀಕರು ಬಟ್ಟೆಗೆ ಕೊಡುತ್ತಿದ್ದ ಬೆಲೆಗೆ ಪೂರ್ವದ ದೊಡ್ಡ ದೇಶದವರು ಕೊಡೆಯನ್ನೇ ಕೊಡತೊಡಗಿದರು. ಶೆಡ್ಡಿನಲ್ಲಿ ಅವರಿಗೆ 'ದೊಡ್ಡೋರು' ಎಂದು ಹೆಸರು. ಪಶ್ಚಿಮದಲ್ಲಿ ಹಲವು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟವಿತ್ತು. ಅವರು 'ಕೊಳ್ಳೋರು'. ದೊಡ್ಡೋರಿಗೂ ಕೊಳ್ಳೋರಿಗೂ ಯಾವುದೋ ಉಕ್ಕಿನ ವಿಷಯಕ್ಕೆ ಜಗಳ ಹತ್ತಿ, ಕೊಳ್ಳೋರು ದೊಡ್ಡೋರ ಸಾಮಾನಿನ ಮೇಲೆಲ್ಲ ಭಾರೀ ಸುಂಕ ಹೇರಿದರು. ಈ ದೇಶದಂಥ ಸಣ್ಣವರ ಸಾಮಾನಿಗೆ ಮಾತ್ರ ಸುಂಕವಿಲ್ಲ, ಸ್ನೇಹದ ಒಪ್ಪಂದ. ಅಂದಿನಿಂದ ದೊಡ್ಡೋರ ಕೊಡೆಗಳು ಇಲ್ಲಿಗೆ ಬಂದು, ಲೇಬಲ್ ಬದಲಾಯಿಸಿಕೊಂಡು, ಕೊಳ್ಳೋರ ಊರುಗಳಿಗೆ ಹೋಗತೊಡಗಿದವು. ಮೂರು ಕಡೆಯವರಿಗೂ ಲಾಭವೇ. ನಷ್ಟವಾದದ್ದು ಕಟಿಂಗ್ ಮೇಜಿಗೆ.

ಮಾಲೀಕರು ಅಕ್ಕನನ್ನು ಕರೆದು, "ಕತ್ತರಿಸೋ ಕೆಲಸವೇ ಇಲ್ಲವಲ್ಲಕ್ಕ. ಐದು ಜನರನ್ನ ಬಿಡಿಸಬೇಕು. ಹೆಸರು ನೀವೇ ಬರೆದುಕೊಡಿ, ನಿಮಗೆ ಗೊತ್ತಿರೋ ಹಾಗೆ ನನಗೆ ಗೊತ್ತಿಲ್ಲ" ಎಂದಿದ್ದರು. ಮೇಜಿನ ಸುತ್ತ ಐದು ಜನ, ಲೇಬಲ್ ಕಡೆ ಐದಾರು ಜನ. ಯಾರನ್ನು ಯಾವ ಕಡೆ ಬೇಕಾದರೂ ಹಾಕಬಹುದಿತ್ತು. ಅಕ್ಕ ಎರಡು ದಿನ ಊಟ ಬಿಟ್ಟು ಯೋಚಿಸಿದಳು. ತಂಗಿಯನ್ನು ಉಳಿಸಿಕೊಂಡರೆ ಜನ ಏನೆಂದಾರು? ತನ್ನವಳು ಅಂತ ಉಳಿಸಿಕೊಂಡಳು ಎನ್ನುವುದಿಲ್ಲವೆ? ಕೊನೆಗೆ ತಂಗಿಯ ಹೆಸರನ್ನೇ ಮೊದಲು ಬರೆದಳು. ಒಳಗೊಳಗೇ ಒಂದು ಆಸೆಯಿತ್ತು: ಮಾಲೀಕರು ಚೀಟಿ ನೋಡುತ್ತಾರೆ, "ಛೆ, ಇವಳು ನಿಮ್ಮ ತಂಗಿಯಲ್ಲವೇ, ಇದನ್ನ ತೆಗೀರಿ" ಎನ್ನುತ್ತಾರೆ, ಆಗ ಪಾಪವೂ ತಟ್ಟದು, ತಂಗಿಯೂ ಉಳಿಯುತ್ತಾಳೆ. ಮಾಲೀಕರು ಚೀಟಿ ನೋಡಿದರು. "ನಿಮ್ಮಂಥ ಪ್ರಾಮಾಣಿಕರು ಎಲ್ಲಿ ಸಿಗ್ತಾರಕ್ಕ" ಎಂದು ಅದನ್ನು ಜೇಬಿಗೆ ಹಾಕಿಕೊಂಡರು.

ತಂಗಿ ಆಮೇಲೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಗೆ ಸೇರಿದಳು. ಇಡೀ ದಿನ ಬಿಸಿ ಇಸ್ತ್ರಿಯ ಉರುಳೆಗೆ ಹೊದಿಕೆ ಕೊಡುವ ಕೆಲಸ. ಮೊಣಕೈವರೆಗೆ ಸುಟ್ಟ ಕಲೆಗಳು. ತಾಯಿ ಬಿಟ್ಟುಹೋದ ಮನೆಯ ಎರಡು ಕೋಣೆಗಳಲ್ಲಿ ಒಂದು ಅಕ್ಕನದು, ಒಂದು ತಂಗಿಯದು, ಅಡುಗೆಮನೆ ಒಂದೇ. ಮಾತು ನಿಂತಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿತ್ತು. ತಂಗಿ ಅವಳನ್ನು 'ಸೂಪರ್‌ವೈಸರಮ್ಮ' ಎಂದು ಕರೆಯುತ್ತಿದ್ದಳು.

"ಸೂಪರ್‌ವೈಸರಮ್ಮ, ನೀರು ಕಾದಿದೆ."

"ಸೂಪರ್‌ವೈಸರಮ್ಮ, ಒಲೆ ಆರಿಸಬಹುದಾ, ಅಥವಾ ಚೀಟಿ ಬರೆದುಕೊಡ್ತೀರಾ?"

ಹೀಗೆ ಆರು ವರ್ಷ.

ಆ ತಿಂಗಳ ಮೊದಲ ವಾರ ಮಾಲೀಕರು ಅಕ್ಕನನ್ನು ಮತ್ತೆ ಆಫೀಸಿಗೆ ಕರೆದರು. ಈ ಸಲ ಕುರ್ಚಿ ತೋರಿಸಿದರು. ಅಕ್ಕ ಅದರ ಅಂಚಿನಲ್ಲಷ್ಟೇ ಕೂತಳು.

"ಕೊಳ್ಳೋರಿಗೆ ಅನುಮಾನ ಬಂದಿದೆ" ಎಂದರು ಮಾಲೀಕರು. "ಇಷ್ಟು ಸಣ್ಣ ದೇಶದಿಂದ ಇಷ್ಟೊಂದು ಕೊಡೆ ಹೇಗೆ ಬರುತ್ತೆ ಅಂತ. ಒಬ್ಬರು ತಪಾಸಣೆಗೆ ಬರ್ತಿದ್ದಾರೆ. ಅವರ ಕಣ್ಣೆದುರಿಗೆ ಒಂದು ಕೊಡೆಯನ್ನ ಬಟ್ಟೆಯಿಂದ ಹಿಡಿದು ಪೂರ್ತಿ ಮಾಡಿ ತೋರಿಸಬೇಕಂತೆ. ಈ ಶೆಡ್ಡಿನಲ್ಲಿ ಅದು ಬರೋದು ನಿಮಗೊಬ್ಬರಿಗೇ."

"ನನಗೂ ಕೈ ಬಿಟ್ಟು ಆರು ವರ್ಷ ಆಯ್ತು. ತಪ್ಪಾದ್ರೆ?"

"ನಿಮ್ಮ ಕೈಯಲ್ಲಿ ತಪ್ಪೇ? ಕೇಳಿ ಇಲ್ಲಿ. ಈ ತಪಾಸಣೆ ಪಾಸಾದ್ರೆ ಹತ್ತು ವರ್ಷದ ಒಪ್ಪಂದ. ಆಗ ನಾನು ಕಟಿಂಗ್ ವಿಭಾಗವನ್ನ ಮತ್ತೆ ಶುರು ಮಾಡ್ತೀನಿ. ಅದೇ ಐದು ಜನ. ನಿಮ್ಮ ತಂಗೀನೂ ಸೇರಿ. ನನ್ನ ಮಾತು."

ಅಕ್ಕ ಮನೆಗೆ ನಡೆದದ್ದಲ್ಲ, ಓಡಿದಳು. ಹೇಳಬಾರದು, ಆಗುವ ಮೊದಲು ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡವಳು, ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. ತಂಗಿ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರು ಹೇಳಿದ್ದು?"

"ಮಾಲೀಕರೇ. ನನ್ನ ಮಾತು ಅಂದ್ರು."

"ಅವರ ಮಾತು ಬೇಡ. ನೀನು ಹೇಳು. ಆಗುತ್ತಾ?"

ಆಗುತ್ತದೆಯೋ ಇಲ್ಲವೋ ಅಕ್ಕನಿಗೆ ಗೊತ್ತಿರಲಿಲ್ಲ. ಆದರೆ ತಂಗಿ ಆರು ವರ್ಷದ ಮೇಲೆ ಮುಖ ಕೊಟ್ಟು ಕೇಳಿದ್ದಳು, ಏಕವಚನದಲ್ಲಿ ಕೇಳಿದ್ದಳು. "ಆಗುತ್ತೆ ಕಣೆ" ಎಂದಳು.

"ಆ ಮೇಜಿನ ಎಡಗಾಲು ಕುಂಟುತ್ತಿತ್ತು. ಈಗಲೂ ಕುಂಟುತ್ತಾ?"

"ಅದನ್ನ ಯಾರು ಸರಿ ಮಾಡ್ತಾರೆ?"

"ರಟ್ಟು ಇಡಬೇಕು, ಎರಡು ಮಡಿಕೆ. ಮೂರು ಇಟ್ಟರೆ ಆ ಕಡೆ ವಾಲುತ್ತೆ" ಎಂದು ತಂಗಿ ಮತ್ತೆ ಹೆಚ್ಚತೊಡಗಿದಳು. ಮರುದಿನ ಅವಳು ಲಾಂಡ್ರಿಯಲ್ಲಿ, ತಿಂಗಳ ಕೊನೆಗೆ ಬಿಡುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬಂದಳು. ಸುದ್ದಿ ಕೇಳಿದ ಅಕ್ಕ, "ಅಷ್ಟು ಅವಸರ ಯಾಕೆ ಮಾಡಿದೆ?" ಎಂದಳು.

"ನೀನೇ ಆಗುತ್ತೆ ಅಂದೆಯಲ್ಲ. ನಿನ್ನ ಬಾಯಲ್ಲಿ ಗ್ಯಾರಂಟಿ ಇಲ್ಲದ ಮಾತು ಬಂದಿದ್ದು ನಾನು ಈ ಜನ್ಮದಲ್ಲಿ ಕೇಳಿಲ್ಲ" ಎಂದು ತಂಗಿ ನಕ್ಕಳು.

ತಪಾಸಣೆ ಬಂದದ್ದು ತಿಂಗಳ ಕೊನೆಯ ವಾರ. ಆ ಬೆಳಿಗ್ಗೆ ಶೆಡ್ಡಿನ ನೆಲವನ್ನು ಎರಡು ಸಲ ತೊಳೆಸಿದ್ದರು. ಬಿಚ್ಚಿದ ಲೇಬಲ್‌ಗಳ ಡಬ್ಬಗಳನ್ನೆಲ್ಲ ಲಾರಿಯಲ್ಲಿ ಎಲ್ಲಿಗೋ ಸಾಗಿಸಿದ್ದರು. ಬಂದದ್ದು ನಡುವಯಸ್ಸಿನ ಒಬ್ಬ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಪಕ್ಕದಲ್ಲಿ ವಾಣಿಜ್ಯ ಇಲಾಖೆಯ ಅಧಿಕಾರಿ. ಅವಳ ಮಾತನ್ನು ಇವರಿಗೆ, ಇವರ ಮಾತನ್ನು ಅವಳಿಗೆ ದಾಟಿಸುವವನೂ ಅವನೇ. ಅವನ ಅಂಗಿಯ ಬೆನ್ನು ಆಗಲೇ ಬೆವರಿನಿಂದ ಒದ್ದೆಯಾಗಿತ್ತು. ಅವನು ಮಾಲೀಕರ ಕಿವಿಯಲ್ಲಿ ಹೇಳಿದ್ದು ಅಕ್ಕನಿಗೂ ಕೇಳಿಸಿತು:

"ಹೆದರಬೇಡಿ. ಮುಂದಿನ ವಾರ ಮಂತ್ರಿಗಳು ಸಹಿ ಹಾಕ್ತಾರೆ. ಅವರ ಹಾಲಿನಪುಡಿ ಇಲ್ಲಿಗೆ ಬರಬೇಕು, ಅವರ ವಿಮಾನ ಇಲ್ಲಿಗೆ ಬರಬೇಕು. ಕೊಡೆ ಹಿಡ್ಕೊಂಡು ಜಗಳ ಆಡೋಕೆ ಅವರಿಗೂ ಮನಸ್ಸಿಲ್ಲ. ಕಾಗದ ಸರಿ ಇದ್ರೆ ಸಾಕು."

ಮಾಲೀಕರು ಅಕ್ಕನತ್ತ ತಿರುಗಿ, "ಚೆನ್ನಾಗಿ ಮಾಡಿ ಅಕ್ಕ" ಎಂದಷ್ಟೇ ಹೇಳಿದರು. ಅವರಿಗೂ ಬೇರೇನು ಹೇಳಬೇಕೆಂದು ಗೊತ್ತಿರಲಿಲ್ಲ. ಇಷ್ಟು ವರ್ಷ ಕೊಡೆ ಮಾರಿದ್ದರೂ ಅವರು ಒಂದು ಕೊಡೆಯ ಒಳಗನ್ನು ತಲೆ ಎತ್ತಿ ನೋಡಿದವರಲ್ಲ.

ಅಕ್ಕ ಬಟ್ಟೆ ಹಾಸಿದಳು. ಮರದ ಅಚ್ಚನ್ನು ಇಟ್ಟು ಸೀಮೆಸುಣ್ಣದಿಂದ ಗೆರೆ ಎಳೆದಳು. ಮೊದಲನೆಯ ಎಸಳನ್ನು ನಿಧಾನಕ್ಕೆ ಕತ್ತರಿಸಿದಳು, ಆಮೇಲಿನವನ್ನು ಕೈಯೇ ಕತ್ತರಿಸಿಕೊಂಡು ಹೋಯಿತು. ಎಂಟು ಎಸಳು. ಜೋಡಿ ಜೋಡಿಯಾಗಿ ಹೊಲಿಗೆ, ಅಂಚು ಒಳಕ್ಕೆ ಮಡಚಿ ಮತ್ತೊಂದು ಹೊಲಿಗೆ. ಕಡ್ಡಿಗೆ ಹೊದಿಸಿ ತುದಿಗಳನ್ನು ಕಟ್ಟಿದಳು. ಆ ಹೆಂಗಸು ಒಂದು ಸಲವೂ ಗಡಿಯಾರ ನೋಡದೆ ಪಕ್ಕದಲ್ಲೇ ನಿಂತಿದ್ದಳು.

ಬಿಲ್ಲೆಯ ಸರದಿ ಬಂದಾಗ ಅಕ್ಕ ಒಂದು ಗಳಿಗೆ ಸೂಜಿ ಹಿಡಿದುಕೊಂಡೇ ನಿಂತಳು. ಪೆಟ್ಟಿಗೆಗಳಲ್ಲಿರುವ ಕೊಡೆಗಳಿಗೆ ಬಿಲ್ಲೆ ಇಲ್ಲ. ಅದು ಅವಳಿಗೆ ಗೊತ್ತಿತ್ತು, ಆರು ವರ್ಷದಿಂದ ದಿನಕ್ಕೆ ನೂರಾರು ಸಲ ಗೊತ್ತಾಗುತ್ತಿತ್ತು. ಬಿಟ್ಟುಬಿಡಲೇ? ಆದರೆ ದೂರದಿಂದ ಒಬ್ಬಳು ಬಂದು ತನ್ನ ಕೈಯನ್ನೇ ನೋಡುತ್ತ ನಿಂತಿದ್ದಾಳೆ. ಚೆನ್ನಾಗಿ ಮಾಡಿ ಎಂದಿದ್ದಾರೆ. ಅವಳ ಎದುರು ಎರಡು ವರ್ಷಕ್ಕೆ ಹರಿದುಹೋಗುವ ಕೊಡೆ ಮಾಡಿ ಕೊಟ್ಟರೆ, ನಾಳೆ ತಂಗಿ ಈ ಮೇಜಿಗೆ ಬಂದಾಗ ಯಾವ ಮುಖ ಇಟ್ಟುಕೊಂಡು ಕೆಲಸ ಹೇಳುವುದು? ಎಂಟು ಬಿಲ್ಲೆ ಕತ್ತರಿಸಿ ಎಂಟು ಕೀಲಿಗೂ ಹೊಲಿದಳು.

ಹೆಂಗಸು ಕೊಡೆಯನ್ನು ಕೈಗೆ ತೆಗೆದುಕೊಂಡು ಬಿಚ್ಚಿದಳು. ಬಟ್ಟೆ ಟಪ್ಪೆಂದು ಬಿಗಿದು ನಿಂತಿತು. ಬೆರಳಿನಿಂದ ಮೀಟಿ ನೋಡಿ, ಕನ್ನಡಕ ಏರಿಸಿ ಒಳಗೆ ನೋಡಿ, ಬಿಲ್ಲೆಯನ್ನು ಮುಟ್ಟಿ ಏನೋ ಕೇಳಿದಳು.

"ಇದು ಯಾಕೆ ಅಂತ ಕೇಳ್ತಿದ್ದಾರೆ" ಎಂದ ಅಧಿಕಾರಿ.

"ಕಬ್ಬಿಣ ಬಟ್ಟೆ ತಿನ್ನದೇ ಇರಲಿ ಅಂತ."

ಹೆಂಗಸು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಂತೋಷವೇ ಇತ್ತು. ಅಮ್ಮನ ಹತ್ತಿರ ಇಂಥದ್ದೊಂದು ಇತ್ತು ಎಂದು ಹೇಳಿದಳಂತೆ. ಅಕ್ಕನಿಗೆ ಕಣ್ಣು ತುಂಬಿ ಬಂತು. ಪಾಸಾಯಿತು ಎಂದುಕೊಂಡಳು.

ಆಗ ಹೆಂಗಸು ನಡೆದುಹೋಗಿ, ರಾಶಿಯಿಂದ ತನಗೆ ಬೇಕಾದ ಒಂದು ಪೆಟ್ಟಿಗೆ ತೋರಿಸಿ ಒಡೆಸಿದಳು. ಒಂದು ಕೊಡೆ ಬಿಚ್ಚಿದಳು, ಮುಚ್ಚಿದಳು. ಇನ್ನೊಂದು. ಇನ್ನೂ ಒಂದು. ಮೂರನ್ನೂ ತಂದು ಅಕ್ಕನ ಕೊಡೆಯ ಪಕ್ಕದಲ್ಲಿ ಇಟ್ಟು, ಕನ್ನಡಕ ತೆಗೆದು ಮೆಲ್ಲಗೆ ಮಾತಾಡಿದಳು. ಅಧಿಕಾರಿ ಅದನ್ನು ದಾಟಿಸುವ ಮೊದಲೇ ಅವನ ಮುಖ ಕಪ್ಪಿಟ್ಟಿತು.

"ಈ ಮೂರೂ ಆ ಒಂದೂ ಒಂದೇ ಕಾರ್ಖಾನೆಯದ್ದಲ್ಲ ಅಂತಿದ್ದಾರೆ. ಇದರಲ್ಲಿ ಒಂದು ಥರದ್ದು ಇಲ್ಲಿ ತಯಾರಾದದ್ದಲ್ಲ. ಯಾವುದು ಅಂತ ಬರೆದುಕೊಳ್ಳಲಿ ಅಂತ ಕೇಳ್ತಿದ್ದಾರೆ."

ಮಾಲೀಕರು ಮೊದಲು ಚೇತರಿಸಿಕೊಂಡರು.

"ಅದು ಅಕ್ಕನ ಕೈತಪ್ಪು" ಎಂದರು. "ಹಳೇ ಕಾಲದವರು, ಹೆದರಿಬಿಟ್ಟಿದ್ದಾರೆ. ನಮ್ಮ ಮಾದರಿ ಪೆಟ್ಟಿಗೆಯಲ್ಲಿರೋದು."

ಅಧಿಕಾರಿ ಅದನ್ನು ದಾಟಿಸಿದ. ಹೆಂಗಸು ಅಕ್ಕನನ್ನೇ ನೋಡುತ್ತಿದ್ದಳು. ಅವಳಿಗೆ ನಿಜ ಗೊತ್ತಿದೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳು ಚೀಲದಿಂದ ಒಂದು ನಮೂನೆ ತೆಗೆದು ಅಧಿಕಾರಿಗೆ ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವಳಿಗೂ ಮುಂದಿನ ವಾರದ ಸಹಿಯ ವಿಷಯ ಗೊತ್ತಿದ್ದಿರಬೇಕು.

"ಮಾಡಿದವರೇ ತಪ್ಪು ಒಪ್ಪಿ ಬರೆದುಕೊಟ್ರೆ ಇವತ್ತಿನ ಕೊಡೆಯನ್ನ ಲೆಕ್ಕದಿಂದ ಬಿಡಬಹುದಂತೆ" ಎಂದ ಅಧಿಕಾರಿ. "ಬರೀರಿ ಅಮ್ಮ, ನಾನು ಹೇಳ್ತೀನಿ."

"ನನ್ನದು ತಪ್ಪಲ್ಲ" ಎಂದಳು ಅಕ್ಕ. ಅವಳ ಜೀವಮಾನದಲ್ಲಿ ಅಷ್ಟು ಖಚಿತವಾಗಿ ಆಡಿದ ಮಾತು ಅದೊಂದೇ ಇರಬೇಕು. ಆಡಿದವಳೇ ಬೆಚ್ಚಿದಳು.

"ಗೊತ್ತಮ್ಮ. ಯಾರು ಅಲ್ಲ ಅಂದ್ರು? ಎರಡು ಖಂಡಗಳ ಮಧ್ಯೆ ಒಂದು ಬಟ್ಟೆಯ ಬಿಲ್ಲೆ ಸಿಕ್ಕಿಹಾಕಿಕೊಂಡಿದೆ, ಅಷ್ಟೇ. ನೀವು ಅದನ್ನ ತೆಗೆದುಬಿಟ್ರೆ ಎಲ್ಲ ಸಲೀಸು."

ಮಾಲೀಕರು ಹತ್ತಿರ ಬಂದು ದನಿ ತಗ್ಗಿಸಿದರು. "ಅಕ್ಕ, ನಿಮ್ಮ ತಂಗಿಯ ಮುಖ ನೆನಪಿಸಿಕೊಳ್ಳಿ. ನೀವು ಬರೆದರೆ ಮೇಜು ಶುರು. ಇಲ್ಲದಿದ್ರೆ ಶೆಡ್ಡಿಗೇ ಬೀಗ."

ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಅಕ್ಕ ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಪಾಸು ಮಾಡಿದವಳು. ಆ ಕಲಿತ ಕೈಯಲ್ಲಿ, ಅಧಿಕಾರಿ ಹೇಳಿಕೊಟ್ಟಂತೆ, ದುಂಡಗೆ ಬರೆದಳು: "ಈ ದಿನ ನಾನು ಮಾಡಿ ತೋರಿಸಿದ ಕೊಡೆಯಲ್ಲಿ ನನ್ನ ಅಜಾಗರೂಕತೆಯಿಂದ ತಪ್ಪಾಗಿದೆ. ಅದು ಈ ಕಾರ್ಖಾನೆಯ ಕೊಡೆಯಲ್ಲ." ಬರೆದದ್ದನ್ನು ಅಭ್ಯಾಸದಂತೆ ಎರಡು ಸಲ ಓದಿ ಸಹಿ ಹಾಕಿದಳು.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ತಪ್ಪು ಮಾದರಿಯನ್ನು ತಪಾಸಣೆಯವರ ಕಣ್ಣೆದುರೇ ನಾಶ ಮಾಡಬೇಕು, ಅದು ನಿಯಮ. ಮಾಲೀಕರು ಅತ್ತಿತ್ತ ನೋಡಿದರು. ಯಾರೂ ಮುಂದೆ ಬರಲಿಲ್ಲ. ಅಕ್ಕನೇ ಕತ್ತರಿ ತೆಗೆದುಕೊಂಡಳು. ಎಂಟು ಎಸಳನ್ನೂ ನಡುವಿನಿಂದ ಸೀಳಿದಳು. ಕೆಲಸ ನೋಡಿ, ಅದೂ ವಾರೆಯಾಗದೆ ನೇರವಾಗಿ ಬಂತು. ಕಿಟಕಿಯ ಹತ್ತಿರದಿಂದ ಹೆಂಗಸು ತಿರುಗಿ ಒಂದು ಫೋಟೋ ತೆಗೆದುಕೊಂಡು, ಅಕ್ಕನತ್ತ ನೋಡದೆ ಕಾಗದಕ್ಕೆ ಮೊಹರು ಒತ್ತಿದಳು.

ಸಂಜೆ ಐದಕ್ಕೆ, ಕಾರುಗಳೆಲ್ಲ ಹೋದ ಮೇಲೆ, ಅಕ್ಕ ಆಫೀಸಿನ ಬಾಗಿಲಲ್ಲಿ ನಿಂತಳು. ಮಾಲೀಕರು ಫೋನಿನಲ್ಲಿ ನಗುತ್ತಿದ್ದರು. ಮುಗಿಸಿ, "ಬನ್ನಿ ಅಕ್ಕ, ಬನ್ನಿ, ನೀವಿಲ್ಲದಿದ್ರೆ ಇವತ್ತು ನಮ್ಮ ಕಥೆ ಮುಗಿದುಹೋಗ್ತಿತ್ತು" ಎಂದರು.

"ಮೇಜಿನ ವಿಷಯ. ಐದು ಜನ. ತಂಗಿ ಲಾಂಡ್ರಿ ಬಿಟ್ಟಿದ್ದಾಳೆ. ಒಂದನೇ ತಾರೀಕಿಂದ ಬರೋಕೆ ಹೇಳಲಾ?"

ಮಾಲೀಕರು ಕಿವಿ ಕೆರೆದುಕೊಂಡರು. ನಿಜವಾಗಿಯೂ ಅವರಿಗೆ ಸ್ವಲ್ಪ ಬೇಜಾರಾದಂತೆಯೇ ಕಂಡಿತು. "ಅದೇ ಕಷ್ಟ ಆಗಿದೆ ನೋಡಿ. ಮಾಮ, ಆ ಪುಸ್ತಕ ಕೊಡಿ."

ಹಾಜರಿ ಮಾಮ ಕೂತಲ್ಲೇ ಕೂತಿದ್ದ. ಎರಡನೆಯ ಸಲ ಹೇಳಿದ ಮೇಲೆ ಎದ್ದು, ಬೀರುವಿನಿಂದ ಒಂದು ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟ. ಅಕ್ಕ ದಿನವೂ ಸಹಿ ಮಾಡುವ ಪುಸ್ತಕ ಅದಾಗಿರಲಿಲ್ಲ. ರಟ್ಟಿನ ಮೇಲೆ 'ಕಟಿಂಗ್ ವಿಭಾಗ' ಎಂದು ಬರೆದಿತ್ತು. ಒಳಗೆ ಐದು ಹೆಸರು, ಐದು ಹೆಸರಿನ ಎದುರಿಗೂ ದಿನದಿನದ ಸಹಿ. ಮೊದಲನೆಯ ಹೆಸರು ತಂಗಿಯದು. ಅಕ್ಕ ಬರೆದುಕೊಟ್ಟ ಚೀಟಿಯ ಕ್ರಮದಲ್ಲೇ ಹೆಸರುಗಳಿದ್ದವು.

"ಇಲ್ಲಿ ಬಟ್ಟೆ ಕತ್ತರಿಸೋರು ಇದ್ದಾರೆ ಅಂತ ತೋರಿಸದೆ ಕೊಳ್ಳೋರಿಗೆ ಒಂದು ಪೆಟ್ಟಿಗೇನೂ ಕಳಿಸೋಕೆ ಆಗಲ್ಲ" ಎಂದರು ಮಾಲೀಕರು. "ಹಾಗಾಗಿ ಅವರನ್ನ ಕಾಗದದಲ್ಲಿ ಬಿಡಿಸಿಯೇ ಇಲ್ಲ. ಇವತ್ತು ಅವರೆಲ್ಲ ಗೋದಾಮಿನ ಕಡೆ ಇದ್ದಾರೆ ಅಂತ ಹೇಳಿ ಆಕೆಗೆ ತೋರಿಸಿದ್ದೂ ಇದನ್ನೇ, ಮೊಹರು ಬಿದ್ದಿರೋದೂ ಇದಕ್ಕೇ. ಈಗ ಹೊಸದಾಗಿ ಸೇರಿಸಿಕೊಂಡೆ ಅಂದ್ರೆ ಇಷ್ಟು ದಿನ ಯಾರು ಕತ್ತರಿಸ್ತಿದ್ದರು ಅಂತ ಕೇಳಲ್ವಾ? ಕೆಲಸದಲ್ಲಿ ಇರೋರನ್ನ ಮತ್ತೆ ಹೇಗಕ್ಕ ಕೆಲಸಕ್ಕೆ ತಗೊಳ್ಳೋದು?"

ಅಕ್ಕನ ಕೈ ತಾನಾಗಿಯೇ ಹಾಳೆ ತಿರುವಿತು. ಎರಡು ವರ್ಷದ ಹಿಂದಿನ ಒಂದು ಮಂಗಳವಾರಕ್ಕೆ ಬಂದು ನಿಂತಿತು. ಅಂದು ತಾಯಿ ತೀರಿಕೊಂಡಿದ್ದಳು. ಅಕ್ಕ ತಂಗಿ ಇಬ್ಬರೂ ಹೆಣದ ಎರಡು ಪಕ್ಕದಲ್ಲಿ ಕೂತು, ಅಂದು ಕೂಡ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪುಸ್ತಕದಲ್ಲಿ ಆ ದಿನ ತಂಗಿ ಹಾಜರಿದ್ದಳು. ಮರುದಿನವೂ.

"ಮಾಮ, ಇದನ್ನ ಬರೆದಿದ್ದು ನೀವಾ?"

ಹಾಜರಿ ಮಾಮ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಹೊಟ್ಟೆಪಾಡಮ್ಮ" ಎಂದ. ಆವತ್ತು ಅವನಿಗೆ ತಮಾಷೆ ಹೊಳೆಯಲಿಲ್ಲ.

"ಬರಿಗೈಲಿ ಕಳಿಸಲ್ಲ" ಎಂದರು ಮಾಲೀಕರು. "ಆಕೆ ಫೈಲಿಗೆ ವಿಭಾಗದ ಒಂದು ಫೋಟೋ ಕೇಳಿದ್ದಾಳೆ. ನಾಳೆ ವ್ಯಾನ್ ಕಳಿಸ್ತೀನಿ. ಐದು ಜನರೂ ಬಂದು ಮೇಜಿನ ಹತ್ತಿರ ನಿಂತರೆ ಸಾಕು, ಒಂದು ದಿನದ ಕೂಲಿ, ಊಟ. ನೀವೇ ಹೇಳಿ ಕರೆಸಿ. ನಿಮ್ಮ ಮಾತು ಕೇಳ್ತಾರೆ."

ಅಕ್ಕ ಆವತ್ತು ಮನೆಗೆ ಓಡಲಿಲ್ಲ. ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕೈಯಲ್ಲಿ ಎಷ್ಟೋ ವರ್ಷದ ಮೇಲೆ ಹೊರಗೆ ತೆಗೆದಿದ್ದ ತನ್ನ ಕತ್ತರಿ ಇತ್ತು. ಸಾಣೆ ಹಿಡಿಸಿಕೊಂಡು ಬಂದಿದ್ದಳು.

"ಪಾಸಾಯ್ತಾ ಅಕ್ಕ?"

ಅಕ್ಕ ಎಂದು ಕರೆದಿದ್ದಳು. ಅದಕ್ಕಾಗಿ ಆರು ವರ್ಷ ಕಾದವಳಿಗೆ ಆ ಗಳಿಗೆಯಲ್ಲಿ, ಇವಳು ಕರೆಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಬಿಲ್ಲೆಯನ್ನು ಹೇಳಿದಳು, ಬರೆದುಕೊಟ್ಟದ್ದನ್ನು ಹೇಳಿದಳು, ಪುಸ್ತಕವನ್ನೂ ಮಂಗಳವಾರವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡದಿರುವುದೊಂದೇ ಅವಳಿಗೆ ಬರುತ್ತಿದ್ದ ವಿದ್ಯೆ.

ತಂಗಿ ನಿಂತೇ ಕೇಳಿದಳು. ಬೈಯುತ್ತಾಳೆ, ಕೂಗಾಡುತ್ತಾಳೆ ಎಂದು ಅಕ್ಕ ತಲೆ ತಗ್ಗಿಸಿ ಕಾದಳು.

"ಲಾಂಡ್ರಿಯಲ್ಲಿ ನನ್ನ ಜಾಗಕ್ಕೆ ನಿನ್ನೇನೇ ಜನ ಬಂದಾಯ್ತು" ಎಂದಳು ತಂಗಿ. ಕತ್ತರಿಯನ್ನು ಒಳಗಿಟ್ಟು ಬಂದು, "ನಾಳೆ ವ್ಯಾನ್ ಎಷ್ಟೊತ್ತಿಗೆ?" ಎಂದು ಕೇಳಿದಳು.

"ನೀನು ಬರೋದು ಬೇಡ ಕಣೆ. ನಾನೇ ಏನಾದ್ರೂ ಹೇಳ್ತೀನಿ."

"ನೀನು ಹೇಳೋದೆಲ್ಲ ಹೇಳಿಯಾಯ್ತು. ಒಂದು ದಿನದ ಕೂಲಿ ಅಲ್ವಾ? ಬಿಡೋ ಸ್ಥಿತಿಯಲ್ಲಿ ನಾನಿಲ್ಲ."

ಮರುದಿನ ಹತ್ತಕ್ಕೆ ಐದು ಜನರೂ ವ್ಯಾನಿನಿಂದ ಇಳಿದರು. ಒಬ್ಬಳ ಕೂದಲು ಪೂರ್ತಿ ನೆರೆತಿತ್ತು. ಇನ್ನೊಬ್ಬಳಿಗೆ ಕಣ್ಣಿನ ಪೊರೆ. ಮೇಜಿನ ಅಂಚನ್ನು ಕೈಯಿಂದ ತಡಕಿ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತಳು. ಅವರಿಗೆಲ್ಲ ನೀಲಿ ಬಣ್ಣದ ಹೊಸ ಏಪ್ರನ್ ಕೊಟ್ಟಿದ್ದರು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ.

"ಏಪ್ರನ್ ಮನೆಗೆ ಒಯ್ಯಬಹುದಾ?" ಎಂದು ನೆರೆತವಳು ಕೇಳಿದಳು.

"ವಾಪಸ್ ಕೊಡಬೇಕು" ಎಂದ ಹಾಜರಿ ಮಾಮ.

"ಹಾಗಾದ್ರೆ ಕಲೆ ಮಾಡಬಾರದು, ನಗುವಾಗ ಹುಷಾರು ಕಣ್ರೇ" ಎಂದಳು ಅವಳು. ಒಬ್ಬಿಬ್ಬರು ನಕ್ಕರು.

ಇಲಾಖೆಯ ಅಧಿಕಾರಿಯೇ ಕ್ಯಾಮರಾ ತಂದಿದ್ದ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವಂತೆ ಅವನು ಅಕ್ಕನಿಗೆ ಸನ್ನೆ ಮಾಡಿದ. ಅಕ್ಕ ಹೇಳಿದಳು. ಹೇಳಬೇಕಾಯಿತು. ತಂಗಿಯನ್ನು ಎಲ್ಲರಿಗಿಂತ ಮುಂದೆ, ಬೆಳಕಿರುವ ಕಡೆ ನಿಲ್ಲಿಸಿದಳು. ತಂಗಿ ಅಧಿಕಾರಿ ಕೇಳಿದಂತೆ ಬಟ್ಟೆ ಹಿಡಿದಳು, ಕೇಳಿದಂತೆ ಕತ್ತರಿ ತೆರೆದಳು. "ಸುಮ್ಮನೆ ಹಿಡ್ಕೊಳ್ಳಿ ಸಾಕು, ಕತ್ತರಿಸಬೇಡಿ, ಬಟ್ಟೆ ಹಾಳಾಗುತ್ತೆ" ಎಂದ ಅವನು. ಮೂರು ಫೋಟೋ ಆಯಿತು.

ಹೊರಡುವ ಮೊದಲು ತಂಗಿ ನೇರವಾಗಿ ಹಾಜರಿ ಮಾಮನ ಮೇಜಿಗೆ ಹೋದಳು. ಪುಸ್ತಕ ತೆರೆದೇ ಇತ್ತು. ಪೆನ್ನು ತೆಗೆದುಕೊಂಡು ಇವತ್ತಿನ ಚೌಕದಲ್ಲಿ ಸಹಿ ಹಾಕಲು ಬಗ್ಗಿದಳು.

ಮಾಮ ಗಡಬಡಿಸಿ ಕೈ ಅಡ್ಡ ಇಟ್ಟ. "ಬೇಡಮ್ಮ, ಬೇಡ. ನಿನ್ನ ಸಹಿ ಬೇರೆ ಥರ ಬೀಳುತ್ತೆ. ಹಿಂದಿನದಕ್ಕೆ ತಾಳೆ ಆಗಲ್ಲ. ನಾನೇ ಹಾಕ್ಕೋತೀನಿ."

ಅಕ್ಕ ಅಲ್ಲೇ ನಿಂತಿದ್ದಳು. ತಂಗಿ ಪೆನ್ನು ಕೆಳಗಿಟ್ಟು, ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಅವಸರವಿಲ್ಲದೆ, ಯಾರದೋ ಮನೆಯ ಮದುವೆಯ ಆಲ್ಬಮ್ ನೋಡುವ ಹಾಗೆ ನೋಡಿದಳು.

"ಒಂದು ದಿನ ರಜೆ ಇಲ್ಲ. ಒಂದು ದಿನ ಜ್ವರ ಇಲ್ಲ. ಅಮ್ಮ ಸತ್ತ ದಿನಾನೂ ಕೆಲಸಕ್ಕೆ ಬಂದಿದ್ದಾಳೆ" ಎಂದಳು, ತನ್ನ ಹೆಸರಿನ ಮೇಲೆ ಬೆರಳಿಟ್ಟು. ಏಪ್ರನ್ ಬಿಚ್ಚಿ, ಮಡಿಕೆಯ ಗೆರೆಯಂತೆಯೇ ಮಡಚಿ, ಪುಸ್ತಕದ ಮೇಲಿಟ್ಟಳು. ಆಮೇಲೆ ಅಕ್ಕನತ್ತ ತಿರುಗಿದಳು.

"ಇವಳು ಒಳ್ಳೆಯವಳು ಸೂಪರ್‌ವೈಸರಮ್ಮ, ಮನೆಗೆ ಹೋಗೋದೇ ಇಲ್ಲ. ಇವಳನ್ನಾದ್ರೂ ಚೆನ್ನಾಗಿ ನೋಡ್ಕೊಳ್ಳಿ."

ವ್ಯಾನಿನವನು ಹಾರ್ನ್ ಹೊಡೆದ. ತಂಗಿ ಹೋಗಿ ಹತ್ತಿಕೊಂಡಳು. ಹಾಜರಿ ಮಾಮ ಏಪ್ರನ್ ಪಕ್ಕಕ್ಕೆ ಸರಿಸಿ, ಅಕ್ಕನ ಕಣ್ಣೆದುರಿಗೇ ತಂಗಿಯ ಸಹಿ ಹಾಕಿದ.